ಬೆಂಚಿನ ಮೇಲೆ ಕಾದವರು

ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಹತ್ತಿರದ ಬಾಗಲೂರಿನ ಬಸ್ ನಿಲ್ದಾಣದ ಬಳಿ ನನ್ನದೊಂದು ಚಿಕ್ಕ ಅಂಗಡಿ. ಜೆರಾಕ್ಸ್ ತೆಗೆಯುವುದು, ಅರ್ಜಿ ಬರೆಯುವುದು, ತಮಿಳಿನ ಕಾಗದ ಓದಿ ಕನ್ನಡದಲ್ಲಿ ತಿಳಿಸಿ ಹೇಳುವುದು, ಇಷ್ಟೇ ಕಸುಬು. ಶುರು ಮಾಡುವಾಗ ಸಂಪಾದನೆಯ ಜೊತೆಗೆ ಇನ್ನೊಂದು ಆಸೆಯೂ ಇತ್ತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಹೊಸೂರು ಸೀಮೆ ಮದ್ರಾಸಿನ ಕಡೆಗೇ ಉಳಿಯಿತು. ಅಂದು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆ ಬದಲಾಗುತ್ತಾ ಹೋದರೂ ಎಷ್ಟೋ ಮನೆಗಳ ಒಳಗಿನ ಮಾತು ಕನ್ನಡವೋ ತೆಲುಗೋ ಆಗಿಯೇ ಇದೆ. ತಮಿಳು ಎಲ್ಲರ ಬಾಯಿಗೂ ಬರುತ್ತದೆ, ಹಳಬರ ಕಣ್ಣಿಗೆ ಬರುವುದಿಲ್ಲ. ಅಂಥವರು ಕಾಗದ ಹಿಡಿದುಕೊಂಡು ಕಚೇರಿ ಬಾಗಿಲಲ್ಲಿ ನಿಂತೇ ಇರಬಾರದು ಅನ್ನುವುದು ನನ್ನ ಆಸೆ.

ಆಸೆ ಇದ್ದರೆ ಸಾಲದು, ಅದು ಯಾರಿಗಾಗಿ ಅನ್ನುವುದು ಕೆಲಸ ಮಾಡುವ ಹೊತ್ತಿನಲ್ಲೂ ನೆನಪಿರಬೇಕು. ನನಗೆ ನೆನಪಿರಲಿಲ್ಲ. ಬಂದವರೆಲ್ಲ ಗಿರಾಕಿಗಳೇ ಅಂದುಕೊಂಡೆ. ಬೆಂಗಳೂರು ಸರ್ಜಾಪುರ ದಾಟಿ ನಮ್ಮ ಕಡೆ ಬೆಳೆಯುತ್ತಿದೆ. ರಾಗಿ ಹೊಲಗಳಲ್ಲಿ ಲೇಔಟ್ ಕಲ್ಲುಗಳು ಎದ್ದಿವೆ. ಸೈಟು ಮಾರುವವರು ಕಟ್ಟುಗಟ್ಟಲೆ ಪತ್ರ ತರುತ್ತಿದ್ದರು, ಕೇಳಿದಷ್ಟು ಕೊಡುತ್ತಿದ್ದರು. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನದವರೆಗೂ ಅವರದೇ ಕೆಲಸ.

ಒಂದು ದಿನ ಒಬ್ಬ ತಾತ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ನಡುನಡುವೆ ರಬ್ಬರ್ ಬ್ಯಾಂಡ್ ಬಿಚ್ಚುವರು, ಕಾಗದ ಇದೆಯಾ ಅಂತ ನೋಡುವರು, ಮತ್ತೆ ಸುತ್ತುವರು. "ಇರಿ ತಾತ, ಒಂದೈದು ನಿಮಿಷ" ಅಂದೆ. ಎರಡು ಗಂಟೆಯಲ್ಲಿ ನಾಲ್ಕು ಸಲ ಅದನ್ನೇ ಅಂದಿರಬೇಕು. ಕೊನೆಗೆ ಎದ್ದವರು, "ಬಸ್ಸು ವೊಂಟೋಯ್ತದೆ ಕಣಪ್ಪಾ, ಇನ್ನೊಂದ್ ದಿನ ಬತ್ತೀನಿ" ಅಂದರು. ದನಿಯಲ್ಲಿ ಬೇಸರವೂ ಇರಲಿಲ್ಲ. ಕಾಯುವುದು, ವಾಪಸ್ಸು ಹೋಗುವುದು ಅವರಿಗೆ ಹೊಸದಲ್ಲ ಅನ್ನುವುದು ಆಗ ಹೊಳೆಯಿತು. ಆ ರಾತ್ರಿ ಊಟ ಸೇರಲಿಲ್ಲ.

ಮುಂದಿನ ವಾರ ಅವರೇ ಬಂದಾಗ ಚೀಲ ಬಿಚ್ಚಿ ನೋಡಿದೆ. ಜಮೀನಿನ ಪಟ್ಟಾದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಇದು ನಮ್ಮ ಗಡಿಯ ಹಳೇ ಕಾಯಿಲೆ. ಗಂಗಪ್ಪ ಅನ್ನುವ ಹೆಸರನ್ನೇ ತಗೊಳ್ಳಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಬರೆದವರದು ತಪ್ಪಲ್ಲ, ಆ ಲಿಪಿಯ ರೀತಿಯೇ ಹಾಗೆ. ಆದರೆ ಅದನ್ನು ನೋಡಿಕೊಂಡು ಇನ್ಯಾರೋ ಇಂಗ್ಲಿಷಿಗೆ ಇಳಿಸುವಾಗ ಗಂಗಪ್ಪ ಕಂಗಪ್ಪ ಆಗಿಬಿಡಬಹುದು. ಹೆಸರು ಎರಡಾದರೆ ಕಚೇರಿಯ ಲೆಕ್ಕದಲ್ಲಿ ಆಳೂ ಇಬ್ಬರು. ಉತ್ತ ಹೊಲ ಒಬ್ಬನದು, ಬರಬೇಕಾದ ದುಡ್ಡು ಇನ್ನೊಬ್ಬನದು. ಇದನ್ನು ಬಿಡಿಸುವುದಕ್ಕೆ ಎರಡೂ ಲಿಪಿ ಬಲ್ಲವನೊಬ್ಬ ಕೂತು, ಇಬ್ಬರೂ ಒಬ್ಬನೇ ಅಂತ ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಸೈಟಿನ ಪತ್ರ ಹೊಸೂರಿನಲ್ಲಿ ಯಾರು ಬೇಕಾದರೂ ಮಾಡಿಕೊಟ್ಟಾರು. ತಾತನ ಚೀಲಕ್ಕೆ ನಾನೇ ಬೇಕಾಗಿತ್ತು. ನನ್ನ ಗಿರಾಕಿ ಯಾರು ಅನ್ನುವುದು ಹಾಗೆ ಗೊತ್ತಾಯಿತು.

ಬಡವರೆಲ್ಲ ನನ್ನ ಗಿರಾಕಿಗಳು ಅನ್ನುತ್ತಿಲ್ಲ. ನಾನು ಮಾಡದಿದ್ದರೆ ಯಾರ ಕೆಲಸ ನಿಂತೇ ಹೋಗುತ್ತದೋ ಅವರು. ಗುಲಾಬಿ ತೋಟದ ಹೆಂಗಸರು ಅಂಥವರು. ಬಾಗಲೂರು ರಸ್ತೆಯ ಉದ್ದಕ್ಕೂ ಪಾಲಿಹೌಸ್‌ಗಳಿವೆ. ಫೆಬ್ರುವರಿ 14ರ ಪ್ರೇಮಿಗಳ ದಿನದ ಹೊತ್ತಿಗೆ ಇಲ್ಲಿಯ ಹೂವು ವಿಮಾನ ಹತ್ತುತ್ತದೆ. ಹೂವು ಕೊಯ್ದು, ಮುಳ್ಳು ತೆಗೆದು, ಕಟ್ಟು ಕಟ್ಟುವ ಒಬ್ಬ ಅಕ್ಕ ನನ್ನ ಮುಂದೆ ಅಂಗೈ ಬಿಡಿಸಿದರು. ಬೆರಳ ತುದಿಯೆಲ್ಲ ಗೀರು, ಗೆರೆಗಳೇ ಸವೆದಿದ್ದವು. ಪಡಿತರದಂಗಡಿಯ ಯಂತ್ರ ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. ಅದಕ್ಕೊಂದು ಅರ್ಜಿ ಬರೆಸೋಣವೆಂದರೆ ತೋಟಕ್ಕೆ ಹೋಗುವ ವ್ಯಾನು ಬೆಳಗ್ಗೆಯೇ ಬರುತ್ತದೆ, ಒಂಬತ್ತಕ್ಕೆ ತೆರೆಯುವ ಅಂಗಡಿ ಅವರ ಪಾಲಿಗೆ ಮುಚ್ಚಿದ ಅಂಗಡಿಯೇ.

ಬಾಗಿಲು ತೆರೆದಿದ್ದರೂ ಬರಲಾಗದವರಿಗೆ ಅದು ಮುಚ್ಚಿದಂತೆಯೇ ಅನ್ನುವುದು ಮದುರೆಯ ಡಾ. ಜಿ. ವೆಂಕಟಸ್ವಾಮಿ ಅವರಿಗೆ ಬಹಳ ಹಿಂದೆಯೇ ಗೊತ್ತಿತ್ತು. 1976ರಲ್ಲಿ 11 ಹಾಸಿಗೆಗಳಿಂದ ಅರವಿಂದ್ ಕಣ್ಣಾಸ್ಪತ್ರೆ ತೆರೆದವರು ಅವರು. ಕಣ್ಣಿನ ಪೊರೆ ಪುಕ್ಕಟೆ ತೆಗೆಯುತ್ತೇವೆ ಅಂದರೂ ಹಳ್ಳಿಯ ಎಷ್ಟೋ ಜನ ಬರುತ್ತಿರಲಿಲ್ಲ. ಬಸ್ಸಿನ ಖರ್ಚು, ಊಟ, ಜೊತೆಗೆ ಬರುವವರ ಕೂಲಿ ಎಲ್ಲಿಂದ ತರುವುದು? ಆಸ್ಪತ್ರೆಯೇ ಶಿಬಿರ ಹೂಡಿ, ಕರೆದೊಯ್ದು, ಊಟ ಹಾಕಿ, ವಾಪಸ್ಸು ಬಿಡುವ ಏರ್ಪಾಡು ಮಾಡಿತು. ಅದರ ಖರ್ಚು ಹೊತ್ತವರಲ್ಲಿ ದುಡ್ಡು ಕೊಟ್ಟು ಚಿಕಿತ್ಸೆ ಪಡೆಯುವವರೂ ಇದ್ದರು. ಇದನ್ನು ತಿಳಿದ ಮೇಲೆ ಸೈಟಿನವರ ಮೇಲಿದ್ದ ನನ್ನ ಸಿಟ್ಟೂ ಇಳಿಯಿತು. ಅವರು ಬೇಡದವರಲ್ಲ, ಅಂಗಡಿ ಬಾಡಿಗೆ ಅವರಿಂದಲೇ ಹುಟ್ಟುತ್ತದೆ. ಮೊದಲು ಕೂರಬೇಕಾದವರು ಅವರಲ್ಲ, ಅಷ್ಟೇ.

ಇನ್ನೊಂದು ಮಾತು. ನನ್ನ ಗಿರಾಕಿಗಳನ್ನು ನಾನು ಹುಡುಕಿದ್ದಕ್ಕಿಂತ ಅವರೇ ಒಬ್ಬರನ್ನೊಬ್ಬರು ಕರೆತಂದದ್ದು ಹೆಚ್ಚು. ಆ ಅಕ್ಕನ ಹಿಂದೆ ಅವರ ಸಾಲಿನಲ್ಲಿ ಹೂವು ಕೊಯ್ಯುವ ಐದು ಜನ ಬಂದರು. 1980ರ ದಶಕದ ನಡುವೆ, ಹಳ್ಳಿಯ ಬಡವರ ನಡುವೆ ಕೆಲಸ ಮಾಡುವ ಮೈರಾಡಾ ಸಂಸ್ಥೆಯ ದೊಡ್ಡ ಸಹಕಾರ ಸಂಘಗಳು ಒಡೆದಾಗಲೂ ಹೀಗೇ ಆಯಿತಂತೆ. ಒಬ್ಬರನ್ನೊಬ್ಬರು ನಂಬುವವರು ತಾವೇ ಸೇರಿ ಸಣ್ಣ ಗುಂಪು ಕಟ್ಟಿಕೊಂಡರು. ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ ಅದರ ಹಿಂದೆ ಈ ಅನುಭವವೂ ಇತ್ತು. ಯಾರು ಯಾರ ಜೊತೆ ಅನ್ನುವುದನ್ನು ಮೇಲಿನವರು ಗೊತ್ತು ಮಾಡಲಿಲ್ಲ.

ತಾತನ ಹೆಸರು ಸರಿಹೋಗುವುದಕ್ಕೆ ಏಳು ತಿಂಗಳು ಹಿಡಿಯಿತು. ಹೊಸ ಕಾಗದ ಕೈಗೆ ಬಂದ ದಿನ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಅದೇ ಚೀಲಕ್ಕೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದರು. ಈಗ ಅಂಗಡಿ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಒಂಬತ್ತರವರೆಗೆ ಬೆಂಚು ಚೀಲ ಹಿಡಿದು ಬಂದವರದು, ಸೈಟಿನ ಪತ್ರಗಳೆಲ್ಲ ಆಮೇಲೆ.