ಹೊಸ ಕಾರಿನ ಕಟಕಟ

ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸುಮಾರು 60 ಕಿ.ಮೀ. ಹೊಸ ಕಾರಲ್ಲಿ ಮೊದಲ ಸವಾರಿ, ಪಕ್ಕದಲ್ಲಿ ಅಪ್ಪ. ಬೆಟ್ಟದ ತಿರುವುಗಳು ಶುರುವಾಗಿದ್ದೇ ತಡ, ಹಿಂದಿನಿಂದ ಕಟಕಟ ಸದ್ದು! "ಏಳು ವರ್ಷದ ಸಾಲ, ಏಳೇ ದಿನಕ್ಕೆ ಹೀಗಾ?" ಅಂದರು ಅಪ್ಪ. ನನ್ನೆದೆ ಧಸಕ್ಕೆಂದಿತು.

ಪಾರ್ಕಿಂಗ್‌ನಲ್ಲಿ ಪಕ್ಕದ ಕಾರೂ ಹೊಸದೇ. ಪೂಜೆಯ ಹಾರ ಇನ್ನೂ ಬಾಡಿರಲಿಲ್ಲ. ಅದರ ಯಜಮಾನರು ನಮ್ಮ ಡಿಕ್ಕಿ ತೆಗೆಸಿ, ಸಡಿಲವಾಗಿದ್ದ ಜಾಕ್ ಬಿಗಿ ಮಾಡಿದರು. "ನಂದೂ ಹೀಗೇ ಇತ್ತು. ಮ್ಯಾಟು, ಸೀಟ್ ಕವರಿಗೆ ಜೆ.ಸಿ. ರಸ್ತೆಗೆ ಹೋಗಿ, ಚೌಕಾಸಿ ಮಾಡಿ. ಅಂದಹಾಗೆ, ಕಾರ್ಪೊರೇಟ್ ಡಿಸ್ಕೌಂಟ್ ಸಿಕ್ತಾ?"

ಕಂಪನಿ ಐಡಿ ಕಾರ್ಡ್ ಜೇಬಲ್ಲೇ ಇದ್ದರೂ ನಾನು ಕೇಳಿಯೇ ಇರಲಿಲ್ಲ! ನೀವಾದರೂ ಬಿಲ್ ಆಗೋ ಮೊದಲೇ ಕೇಳಿ.

ಇಳಿಯುವಾಗ ಎರಡನೇ ಗೇರು. ಸದ್ದಿಲ್ಲ. ಅಪ್ಪ ಮೊದಲ ಸಲ ಸೀಟಿಗೆ ಒರಗಿ ಕೂತರು.