ಗೋದಲಿಯ ಹಬ್ಬಕ್ಕೆ ಮಂಗಳೂರಿಗೆ

ಡಿಸೆಂಬರ್ ಇಪ್ಪತ್ತು ದಾಟಿತೆಂದರೆ ಹಾಸನದಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ. ಸಕಲೇಶಪುರದವರೆಗೆ ಸ್ವೆಟರ್ ಹಾಕಿಕೊಂಡು ಮುದುಡಿ ಕೂತವರು ಶಿರಾಡಿ ಘಾಟಿ ಇಳಿಯುತ್ತಲೇ ಒಂದೊಂದೇ ಬಿಚ್ಚತೊಡಗುತ್ತಾರೆ. ಬಿ.ಸಿ. ರೋಡು ಬರುವಷ್ಟರಲ್ಲಿ ಬೆವರೋ ಬೆವರು! ಮದುವೆಯಾಗಿ ಘಟ್ಟದ ಮೇಲಿನ ಊರು ಸೇರಿದ ನನಗೆ ಈ ಸೆಕೆಯೇ ತವರಿನ ಮೊದಲ ಗುರುತು.

“ನಿಮ್ಮ ಕ್ರಿಸ್‌ಮಸ್‌ನಲ್ಲಿ ಕೇಕು, ನಕ್ಷತ್ರ ಬಿಟ್ಟು ಇನ್ನೇನಿರುತ್ತೆ?” ಎಂದು ನಮ್ಮ ಬೀದಿಯ ಗೆಳತಿಯರು ಕೇಳುವುದುಂಟು. ಕೇಕು ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹಬ್ಬ ಅದರಲ್ಲಿಲ್ಲ. ಬನ್ನಿ, ಒಮ್ಮೆ ನನ್ನ ಜೊತೆ ಬಂದು ನೋಡಿ.

ಊರು ಸುತ್ತುವ ಆಸೆಯಿದ್ದರೆ ಮೊದಲು ಹಂಪನಕಟ್ಟೆ. ಚರ್ಚಿಗೆ ನಮ್ಮ ಕಡೆ ಇಗರ್ಜಿ ಎನ್ನುತ್ತೇವೆ; 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಇಗರ್ಜಿ ಇರುವುದು ಅಲ್ಲಿ. ಏರು ಹತ್ತಿದರೆ ಸೇಂಟ್ ಅಲೋಶಿಯಸ್ ಚಾಪೆಲ್. ಇಟಲಿಯ ಆಂತೋನಿಯೊ ಮೊಸ್ಕೇನಿ ಎಂಬ ಕಲಾವಿದರು 1899ರಿಂದ 1901ರವರೆಗೆ ಅದರ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಕುತ್ತಿಗೆ ನೋಯುವವರೆಗೆ ನೋಡಿ! ಬಲ್ಮಠದ ಕಡೆ ಹೋದರೆ ಹಬ್ಬದ ಹಾಡು ಕನ್ನಡದಲ್ಲೇ ಕೇಳುತ್ತದೆ. ಅವರು 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಪ್ರೊಟೆಸ್ಟಂಟರು. ಕಥೋಲಿಕರಾದ ನಮ್ಮ ಪ್ರಾರ್ಥನೆ ಕೊಂಕಣಿಯಲ್ಲಿ, ಪುಸ್ತಕದ ಅಕ್ಷರ ಮಾತ್ರ ಕನ್ನಡದ್ದು. 1960ರ ದಶಕದವರೆಗೆ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿತ್ತು. ಅಮ್ಮನಿಗೆ ಅದು ಈಗಲೂ ಬಾಯಿಪಾಠ, ಅರ್ಥ ಮಾತ್ರ ಕೇಳಬೇಡಿ ಅನ್ನುತ್ತಾಳೆ.

ನಮ್ಮ ಮನೆ ಪೇಟೆಯಿಂದ ದೂರ, ತೆಂಗಿನ ತೋಟದ ನಡುವೆ. ಅಡುಗೆಮನೆಯಲ್ಲಿ ವಾರದಿಂದ ಕುಸ್ವಾರಿನ ಗಡಿಬಿಡಿ. ಹಬ್ಬದ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ನೆವ್ರ್ಯೊ ಅಂದರೆ ನಿಮ್ಮ ಕರ್ಜಿಕಾಯಿಯ ತಂಗಿ ಅನ್ನಿ. ಕೊಬ್ಬರಿ, ಎಳ್ಳು, ಸಕ್ಕರೆ, ಏಲಕ್ಕಿಯ ಹೂರಣ. ಗುಳಿಯೊ ಎಂದರೆ ಅಕ್ಕಿಹಿಟ್ಟು, ತೆಂಗಿನಹಾಲಿನ ಪುಟ್ಟ ಉಂಡೆ. ಕಿಡ್ಯೊ ಎಂದರೆ ಹುಳುಗಳು! ಹೆಸರು ಕೇಳಿ ಮೂಗು ಮುರಿಯಬೇಡಿ. ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ್ದು ಅಷ್ಟೇ. ಗುಲಾಬಿ ಹೂವಿನ ಅಚ್ಚಿನ ತಿಂಡಿ ಮಾಡುವವರಿಗೆ ಒಂದು ಕಿವಿಮಾತು: ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಲಿ, ಹಿಟ್ಟಿನಲ್ಲಿ ಮುಕ್ಕಾಲು ಪಾಲು ಮಾತ್ರ ಅದ್ದಿ. ಮೇಲಂಚು ಮುಳುಗಿತೋ, ಹೂ ಅಚ್ಚು ಬಿಟ್ಟು ಬರುವುದಿಲ್ಲ.

ಈಗ ಇದೆಲ್ಲ ಬೇಕರಿಯಲ್ಲಿ ಪೊಟ್ಟಣ ಕಟ್ಟಿ ಸಿಗುತ್ತದೆ. ಅಣ್ಣ ಕುವೈತಿನಲ್ಲಿ, ತಮ್ಮ ದುಬೈಯಲ್ಲಿ. ಮನೆಯಲ್ಲಿ ದೊಡ್ಡವರೆಂದರೆ ಅಮ್ಮ, ಅತ್ತಿಗೆ ಇಬ್ಬರೇ. ಕಳೆದ ವರ್ಷ “ಎಲ್ಲ ಕೊಂಡೇ ತರೋಣ ಅತ್ತೆ” ಅಂದಳು ಅತ್ತಿಗೆ. ಒಲೆಯ ಮುಂದೆ ನಿಲ್ಲುವವಳು ಅವಳು, ಆ ಮಾತಲ್ಲಿ ತಪ್ಪೇನಿದೆ? ಅಮ್ಮನೂ ಒಪ್ಪಿದಳು, ಕಿಡ್ಯೊ ಒಂದು ಬಿಟ್ಟು. ಕಿಡ್ಯೊ ಸುತ್ತಲು ಕೂತಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಮೊಮ್ಮಕ್ಕಳಿಗೆ ಜಪ ಬರುತ್ತದೋ ಇಲ್ಲವೋ ಅಲ್ಲೇ ತಿಳಿದುಹೋಗುತ್ತದಂತೆ!

ಗೋದಲಿ ಕಟ್ಟುವುದು ಮಕ್ಕಳ ಪಾಲು. ದನಕ್ಕೆ ಹುಲ್ಲು ಹಾಕುವ ಗೋದಲಿ ನಿಮಗೆ ಗೊತ್ತೇ ಇದೆ. ಕನ್ನಡ ಬೈಬಲ್ಲಿನಲ್ಲೂ ಅದೇ ಮಾತು. ಛತ್ರದಲ್ಲಿ ಜಾಗ ಸಿಗದೆ, ಮರಿಯಮ್ಮ ತನ್ನ ಹಸುಗೂಸನ್ನು ಮಲಗಿಸಿದ್ದು ಅಂಥದರಲ್ಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಆ ದೃಶ್ಯವನ್ನು ಜನರ ಕಣ್ಣಿಗೆ ಕಟ್ಟಿದರು. ನಮ್ಮ ಮನೆಯಲ್ಲಿ ಬೈಹುಲ್ಲಿನ ಮಾಡು, ಗೆರಟೆಯಲ್ಲಿ ರಾಗಿ ಮೊಳಕೆ ಬರಿಸಿ ಮಾಡಿದ ಗದ್ದೆ. ಕುರಿ, ಕುರುಬರು ಎಲ್ಲ ಬಂದರೂ ಮಗುವಿನ ಜಾಗ ಖಾಲಿ. ರಾತ್ರಿ ಪೂಜೆ ಮುಗಿಸಿ ಬಂದಮೇಲೆ ಮನೆಯ ಅತಿ ಚಿಕ್ಕ ಮಗುವೇ ಬಾಲಯೇಸುವನ್ನು ತಂದಿಡಬೇಕು.

ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳದ್ದು ಆಗಮನ ಕಾಲ. ಮನೆಗೆ ಸುಣ್ಣ ಹೊಡೆಸಿದಂತೆ ಮನಸ್ಸನ್ನೂ ಗುಡಿಸಿಕೊಳ್ಳಬೇಕಾದ ದಿನಗಳು. ಅಪ್ಪ ತೀರಿಕೊಂಡ ಮೇಲೆ, ಬೇಲಿಯಂಚಿನ ಎರಡು ತೆಂಗಿನಮರದ ತಕರಾರಿನಿಂದ ಪಕ್ಕದಲ್ಲೇ ಇರುವ ಚಿಕ್ಕಪ್ಪನ ಮನೆಯವರಿಗೂ ನಮಗೂ ಮಾತು ನಿಂತಿತ್ತು. ಮೂರು ವರ್ಷ! 24ರ ಮಧ್ಯಾಹ್ನ ಅಮ್ಮ ತಟ್ಟೆಗಳನ್ನು ಸಾಲಾಗಿಟ್ಟಳು. ಸಸ್ಯಾಹಾರಿಗಳಾದ ಭಟ್ಟರ ಮನೆಗೆ ಮೊಟ್ಟೆ ಮುಟ್ಟಿಸದ್ದು ಬೇರೆ, ಶೆಟ್ಟರಿಗೆ ಒಂದು, ಸಾಹೇಬರಿಗೆ ಒಂದು. ಆಮೇಲೆ ಇನ್ನೊಂದು ದೊಡ್ಡ ತಟ್ಟೆ, ಮನೆಯಲ್ಲೇ ಮಾಡಿದ ಕಿಡ್ಯೊ ತುಂಬ.

“ಇದು ಚಿಕ್ಕಪ್ಪನಿಗೆ.”

“ಅವರಾಗಿ ಬರಲಿ ಅತ್ತೆ,” ಅತ್ತಿಗೆಗೆ ಸಿಟ್ಟು.

“ಅಲ್ಲಿ ಮಾತು ಬಿಟ್ಟು ಇಲ್ಲಿ ಗೋದಲಿಯಲ್ಲಿ ಮಗು ಮಲಗಿಸಲು ನನ್ನ ಕೈ ಏಳುವುದಿಲ್ಲ,” ಎಂದು ಅಮ್ಮ ತಟ್ಟೆಗೆ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟಳು.

ಬಾಗಿಲು ತೆಗೆದದ್ದು ಚಿಕ್ಕಮ್ಮ. ತಟ್ಟೆ ತೆಗೆದುಕೊಂಡರು. “ಯಾವಾಗ ಬಂದೆ?” ಅಂದರು. ಅಷ್ಟೇ.

ಹಿಂದೆಲ್ಲ ಪೂಜೆ ಸರಿರಾತ್ರಿಗೆ. ಈಗ ಬಹಳ ಕಡೆ ಸಂಜೆಗೇ ಶುರು. ಗ್ಲೋರಿಯಾ ಹಾಡು ಎತ್ತಿದಾಗ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತವೆ. ಆ ಹೊತ್ತಿಗೆ ನನಗೆ ಪ್ರತಿ ವರ್ಷವೂ ಕಣ್ಣು ತುಂಬುತ್ತದೆ. ಚಿಕ್ಕಪ್ಪ ನಮ್ಮ ಎದುರಿನ ಬೆಂಚಿನಲ್ಲೇ ಇದ್ದರು, ತಿರುಗಿ ನೋಡಲಿಲ್ಲ. ಮನೆಗೆ ಬಂದು ಅಣ್ಣನ ಮಗಳು ಬಾಲಯೇಸುವನ್ನು ಹುಲ್ಲಿನ ಮೇಲೆ ಇಟ್ಟಳು. ಬೆಳಿಗ್ಗೆ ಸನ್ನಾ, ಕೋಳಿ ಪದಾರ್ಥ. ಕುವೈತಿನಿಂದ, ದುಬೈಯಿಂದ ಫೋನು.

ನೆರೆಮನೆಯ ತಟ್ಟೆಗಳೆಲ್ಲ ಎರಡು ದಿನದಲ್ಲಿ ವಾಪಸು ಬಂದವು. ತಟ್ಟೆ ಬರಿದಾಗಿ ಬರಬಾರದು ನೋಡಿ, ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಬಾಳೆಹಣ್ಣು. 27ರಂದು ನಾನು ಬಸ್ಸು ಹತ್ತುವವರೆಗೂ ಚಿಕ್ಕಪ್ಪನ ಮನೆಯದ್ದು ಮಾತ್ರ ಬಂದಿರಲಿಲ್ಲ. ಬರಿ ತಟ್ಟೆ ಕಳಿಸಲು ಮನಸ್ಸಾಗದೆ ಇಟ್ಟುಕೊಂಡಿದ್ದಾರೆ, ಅಂತ ಅಮ್ಮನ ಲೆಕ್ಕ.