ಮೋಡದ ಮರೆಯ ದೀರ್ಘ ಹಗಲು

ಜೂನ್ 21 ವರ್ಷದ ಅತಿ ದೀರ್ಘ ಹಗಲೆಂದು ಮೂರು ದಶಕಗಳ ಕಾಲ ಪಾಠ ಹೇಳಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳಿಗೆ ಇದನ್ನು ನಂಬಿಸುವುದು ಸುಲಭವಲ್ಲ. ಆರಿದ್ರಾ ಮಳೆ ಹಿಡಿಯುವ ಹೊತ್ತದು. ಸುಮಾರು 13 ಗಂಟೆಗಳ ಹಗಲು ಮಬ್ಬಿನಲ್ಲೇ ಕಳೆದುಹೋಗುತ್ತದೆ. ಪಂಚಾಂಗವೂ ನೆರವಿಗೆ ಬಾರದು. ಅಯನಚಲನೆಯಿಂದಾಗಿ ಅದರ ಕರ್ಕಾಟಕ ಸಂಕ್ರಮಣ ಜುಲೈ ನಡುವಿಗೆ ಸರಿದಿದೆ. ಸೂರ್ಯನಾದರೋ ಅಷ್ಟರಲ್ಲಿ ದಕ್ಷಿಣಕ್ಕೆ ಹೊರಟಾಗಿರುತ್ತದೆ.

ನಿವೃತ್ತನಾದ ಮೇಲೆ ಸಾಗರದ ಮನೆಯಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಟ್ಟೆ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ನಡುವಿಗೆ. ಈ ಎರಡರ ನಡುವೆ ಅವನಿರುವುದು ನೆತ್ತಿಯಿಂದ ಉತ್ತರಕ್ಕೆ. ಆದ್ದರಿಂದ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಸುಮಾರು 16 ಸೆಂಟಿಮೀಟರ್. ಡಿಸೆಂಬರಿನಲ್ಲಿ ಅದೇ ಕೋಲಿನ ನೆರಳು ಉತ್ತರಕ್ಕೆ 77! ನಮ್ಮೂರಿನ ನಿಜವಾದ ಮಧ್ಯಾಹ್ನವೂ ಅಂದು ಗಡಿಯಾರದ ಹನ್ನೆರಡಕ್ಕಲ್ಲ, 12.32ರ ಸುಮಾರಿಗೆ.

ಆ ಒಂದು ದಿನ ನನ್ನಾಕೆ ಊಟಕ್ಕೆ ಎಲೆ ಹಾಕದೆ ಜಗುಲಿಯಲ್ಲಿ ಕಾಯುತ್ತಿದ್ದಳು. ಚೂರು ಬೆಳಕಾದರೂ ಸಾಕು, "ಬನ್ನಿ, ಬಿಸಿಲು ಬಂತು" ಎಂದು ಕೂಗುವಳು. ಹೆಚ್ಚಿನ ವರ್ಷ ನಾನು ತಲುಪುವಷ್ಟರಲ್ಲಿ ಬಿಸಿಲು ಹೋಗಿರುತ್ತಿತ್ತು. ಅವಳು ಹೋಗಿ ಎರಡು ವರ್ಷವಾಯಿತು.

ಈ ಸಲ ಹನ್ನೆರಡೂವರೆಗೆ ಮೋಡ ತಾನಾಗಿ ಸರಿಯಿತು. ಮಳೆ ಬಿಡುವು ಕೊಟ್ಟಿತೆಂದು ಅಡಿಕೆಗೆ ಔಷಧಿ ಹೊಡೆಯಲು ಹೊರಟಿದ್ದ ಹುಡುಗ ಅಂಗಳದಲ್ಲಿ ನಿಂತ. "ಮೇಷ್ಟ್ರೇ, ನೆರಳು ಉಲ್ಟಾ ಬಿದ್ದಿದೆಯಲ್ಲ?" ಎಂದ. ಅಳತೆಪಟ್ಟಿಯ ಒಂದು ತುದಿಯನ್ನು ಅವನ ಕೈಗೇ ಕೊಟ್ಟೆ. ಹದಿನಾರೂವರೆ.